ಮೂರು ಗುಂಟೆಯ ಹಡಗು, ಮರದ ಲೆಕ್ಕ

ಈ ಸಲ ಬಿಳಿ ನೊಣದ ಬಗ್ಗೆ ಅಲ್ಲ, ಕೊಬ್ಬರಿ ರೇಟಿನ ಬಗ್ಗೆನೂ ಅಲ್ಲ. ಹಡಗಿನ ಬಗ್ಗೆ ಬರೀತಿದೀನಿ. ತಿಪಟೂರಿಗೂ ಸಮುದ್ರಕ್ಕೂ ಏನ್ ಸಂಬಂಧ ಅನ್ಬೇಡಿ, ಓದ್ತಾ ಹೋದ್ರೆ ಮಾತು ತೋಟಕ್ಕೇ ಬರುತ್ತೆ.

ನಾವು ಎಂಟು ಜನ ಟಿಟಿ ಮಾಡ್ಕೊಂಡು ಶಿರಸಿ ಕಡೆ ಅಡಿಕೆ ತೋಟದಲ್ಲಿ ಮೆಣಸು ಹಬ್ಬಿಸಿರೋದನ್ನ ನೋಡೋಕೆ ಹೋಗಿದ್ವಿ. ಅಲ್ಲೀವರೆಗೂ ಹೋಗಿ ಸಮುದ್ರ ನೋಡದೆ ಬರೋದಾ ಅಂತ ಘಟ್ಟ ಇಳಿದು ಕಾರವಾರ ಮುಟ್ಟಿದ್ವಿ. ಅಲ್ಲಿ ಹೆದ್ದಾರಿ ಮಗ್ಗುಲಲ್ಲೇ, ಟ್ಯಾಗೋರ್ ಕಡಲತೀರದಲ್ಲಿ, ಒಂದು ಯುದ್ಧನೌಕೆಯನ್ನು ದಡದ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಹೆಸರು ಐಎನ್‌ಎಸ್ ಚಪಲ್.

ಉದ್ದ 38 ಮೀಟರ್ ಚಿಲ್ಲರೆ, ಅಗಲ ಏಳೂವರೆ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಮೂವತ್ತಡಿ ಅಂತರಕ್ಕೆ ನೆಟ್ಟ ಸಾಲಿನಲ್ಲಿ ಐದು ತೆಂಗಿನ ಮರದಷ್ಟು ಉದ್ದ, ಎರಡು ಸಾಲಿನ ನಡುವೆ ಆರಾಮಾಗಿ ಕೂರುವಷ್ಟು ಅಗಲ. ಮೂರು ಗುಂಟೆಗೆ ಒಂಚೂರು ಕಮ್ಮಿನೇ. ಇಷ್ಟರೊಳಗೆ ಸುಮಾರು 30 ಜನ, ನಾಲ್ಕು ಕ್ಷಿಪಣಿ, ಮುಂದೊಂದು ಹಿಂದೊಂದು ಫಿರಂಗಿ. ಮೂರು ಡೀಸೆಲ್ ಎಂಜಿನ್ನು, ಒಟ್ಟು 15,000 ಎಚ್‌ಪಿ. ಐದು ಎಚ್‌ಪಿ ಬೋರ್ ಮೋಟರ್ ಲೆಕ್ಕ ಹಿಡಿದ್ರೆ ಮೂರು ಸಾವಿರ ಬೋರ್‌ವೆಲ್ಲು! ನೀರಿನ ಮೇಲೆ ಗಂಟೆಗೆ ಅರವತ್ತೈದು ಕಿಲೋಮೀಟರ್ ಮೀರಿ ಓಡ್ತಿತ್ತು. ಚಪಲ್ ಅನ್ನೋ ಹೆಸರು ಸುಮ್ಮನೆ ಇಟ್ಟಿದ್ದಲ್ಲ.

ಹಡಗಿನೊಳಗೆ ಇಳಿಯೋ ಏಣಿ ನಮ್ಮ ಕೊಬ್ಬರಿ ಅಟ್ಟದ ಏಣಿಗಿಂತ ಕಡಿದು. ಬಾಗಿಲಲ್ಲಿ ತಲೆ ಬಗ್ಗಿಸದಿದ್ರೆ ಹಣೆ ಬುರುಡೆ ಅಷ್ಟೇ. ಸಮವಸ್ತ್ರ ತೊಡಿಸಿದ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ನನಗೆ ಗೊಂಬೆಗಿಂತ ಮಲಗೋ ಜಾಗ ನೋಡಿ ಗಂಟಲು ಕಟ್ಟಿತು, ಹಡೆದೋರು ಬಿಟ್ಟು ಬಂದ ಹುಡುಗರು ಎಂಜಿನ್ ಸದ್ದಿನ ಮೇಲೇ ಹೆಂಗೆ ನಿದ್ದೆ ಮಾಡ್ತಿದ್ರೋ ಅಂತ.

ಒಂದು ಮಾತು ಸರಿಮಾಡಬೇಕು. ನೋಡೋಕೆ ಬಂದಿದ್ದ ಒಬ್ಬರು ಮಕ್ಕಳಿಗೆ, "ಕರಾಚಿ ಸುಟ್ಟಿದ್ದು ಇದೇ ಹಡಗು" ಅಂತಿದ್ರು. ಹಂಗಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಬಿದ್ದಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ನೌಕೆಗಳು. ಎಣ್ಣೆ ಉಳಿಸೋಕೆ ಅವನ್ನ ಬೇರೆ ಹಡಗುಗಳು ದೂರದವರೆಗೆ ಎಳ್ಕೊಂಡು ಹೋಗಿದ್ವು. ನೌಕಾಪಡೆ ದಿನ ಡಿಸೆಂಬರ್ 4ಕ್ಕೆ ಬರೋದು ಅದಕ್ಕೇ. ಚಪಲ್ ಅದೇ ಜಾತಿಯದು, ರಷ್ಯಾದಲ್ಲೇ ಕಟ್ಟಿದ್ದು, ಆದರೆ ಸೇವೆಗೆ ಸೇರಿದ್ದು 1976ರಲ್ಲಿ. ನಿವೃತ್ತಿ 2005, ಮ್ಯೂಸಿಯಂ ಆಗಿದ್ದು 2006. ಯುದ್ಧ ಮಾಡಿಲ್ಲ ಅಂದ್ರೆ ಬೆಲೆ ಕಮ್ಮಿಯಾಗುತ್ತೆ ಅಂತ ಜನ ಯಾಕೆ ತಿಳೀತಾರೋ. ಇಪ್ಪತ್ತೊಂಬತ್ತು ವರ್ಷ ಕಾವಲು ಕಾದಿದೆ, ಸಾಲದಾ?

ಹಡಗು ಇಳಿದು ಎಳ್ನೀರು ಕುಡಿಯೋಕೆ ನಿಂತ್ವಿ. ಕೊಚ್ಚುತ್ತಿದ್ದ ಯಜಮಾನರಿಗೆ ಎಪ್ಪತ್ತರ ಹತ್ತಿರ. ಅಭ್ಯಾಸದಂತೆ ಕಾಯಿ ತಿರುವಿ ನೋಡಿ, "ಯಜಮಾನ್ರೇ, ಇದು ಇಲ್ಲೀದಾ?" ಅಂದೆ. "ಅಲ್ಲ ಮಾರಾಯ್ರೆ, ಘಟ್ಟದ ಮೇಲಿಂದ ಲಾರೀಲಿ ಬರ್ತದೆ. ನನ್ನ ಮರ ಎಲ್ಲ ಅಲ್ಲಿ ಹೋಯ್ತು" ಅಂತ ಮಚ್ಚಿನ ತುದಿಯಿಂದಲೇ ದಕ್ಷಿಣಕ್ಕೆ ತೋರಿಸಿದ್ರು.

ಆ ದಿಕ್ಕಿಗೆ ಇರೋದು ಸೀಬರ್ಡ್ ನೌಕಾನೆಲೆ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು. 2005ರಲ್ಲಿ, ಅಂದ್ರೆ ಚಪಲ್ ನಿವೃತ್ತಿಯಾದ ವರ್ಷವೇ, ಐಎನ್‌ಎಸ್ ಕದಂಬ ಅಂತ ಸೇವೆಗೆ ಸೇರಿತು. ಕಾರವಾರ, ಅಂಕೋಲಾ ತಾಲ್ಲೂಕಿನ ಸುಮಾರು 11,000 ಎಕರೆ ಹೋಯ್ತು, 4,000ಕ್ಕೂ ಹೆಚ್ಚು ಕುಟುಂಬ ಎದ್ದವು. ಹೆಚ್ಚಿನ ಪರಿಹಾರಕ್ಕೆ ಕೋರ್ಟ್ ಹತ್ತಿ ದಶಕಗಟ್ಟಲೆ ಅಲೆದವರು ಅವರಲ್ಲಿ ಬಹಳ ಜನ. ದೇಶಕ್ಕೆ ನೌಕಾನೆಲೆ ಬೇಡ ಅಂತ ಆ ಯಜಮಾನರೂ ಅನ್ನಲಿಲ್ಲ, ಅವರ ಅಳಿಯ ಒಳಗೇ ಕೆಲಸಕ್ಕಿದ್ದಾನಂತೆ. ಅವರ ಸಂಕಟ ಬೇರೆ.

"ಬಂದೋರು ಮರ ಎಣಿಸಿದ್ರು. ಕಾಯಿ ಬಿಡೋ ಮರ ಯಾವ್ದು, ಸಸಿ ಯಾವ್ದು ಅಂತ ನಾನು ಬರೆದಿಟ್ಟಿರ್ಲಿಲ್ಲ. ಫೋಟೋ ಎಲ್ಲಿಂದ ಬರ್ಬೇಕು ಆಗ? ಮರ ಕಡಿದ ಮೇಲೆ ಸಾಕ್ಷಿ ಯಾರು ಹೇಳ್ತಾರೆ?" ಅಂದ್ರು. ಆಮೇಲೆ ಇನ್ನೊಂದು ಮಾತು ಹೇಳಿದ್ರು: "ದುಡ್ಡು ತಗೊಳ್ಳುವಾಗ ಒಪ್ಪಿಗೆ ಇಲ್ಲ ಅಂತ ಒಂದು ಸಾಲು ಬರೆದೋರು ಕೋರ್ಟಿಗೆ ಹೋದ್ರು. ನಮ್ಮಂಥೋರು ಸುಮ್ಮನೆ ಹೆಬ್ಬೆಟ್ಟು ಒತ್ತಿದ್ವಿ."

ನಮ್ಮ ತೋಟದ ಪಡುವಣ ಅಂಚಿಗೆ ನಾಲೆಯ ಸರ್ವೆ ಕಲ್ಲು ಬಂದಿರೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಪ್ಪ ಹೊತ್ತು ನೀರು ಹಾಕಿ ಬೆಳೆಸಿದ 23 ಮರ ಅದರೊಳಗಿವೆ. ಹಂಗಾಗಿ ಊರಿಗೆ ಬಂದವನೇ ಪರಿಚಯದ ವಕೀಲರ ಹತ್ರ ಕೂತು ಕೇಳಿದೆ. ಆ ಒಂದು ಸಾಲಿನ ಮಾತು ನಿಜವಂತೆ. ಹಳೇ ಕಾಯ್ದೆಯಲ್ಲೂ ಇತ್ತು, 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಇದೆ. ಹಣ ಪಡೆಯುವಾಗ "ತಕರಾರಿನೊಂದಿಗೆ ಪಡೆದಿದ್ದೇನೆ" ಅಂತ ಬರೆದರೆ ಮಾತ್ರ ಹೆಚ್ಚಿನ ಪರಿಹಾರ ಕೇಳೋ ಹಕ್ಕು ಉಳಿಯುತ್ತೆ. ಐತೀರ್ಪು ಆಗುವಾಗ ನಾವೇ ಹಾಜರಿದ್ದರೆ ಅರ್ಜಿ ಕೊಡೋಕೆ ಬರೀ ಆರು ವಾರ. ಮರಗಳ ಬೆಲೆ ಕಟ್ಟೋಕೆ ತೋಟಗಾರಿಕೆ ತಿಳಿದವರ ನೆರವು ತಗೊಳ್ಳೋದಕ್ಕೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ರಾಷ್ಟ್ರೀಯ ಹೆದ್ದಾರಿಗೆ ಹೋಗೋ ಜಮೀನಿನ ದಾರಿ ಬೇರೆ, ಅದನ್ನ ನಿಮ್ಮ ವಕೀಲರನ್ನೇ ಕೇಳಿ.

ಮಹಜರಿಗೆ ಬಂದಾಗ ಮನೇಲಿ ಯಾರಾದ್ರೂ ಇರಿ, ನಕಲು ಕೇಳಿ ಇಸ್ಕೊಳ್ಳಿ. ಅದಕ್ಕೂ ಮುಂಚೆ ಪ್ರತಿ ಮರದ ಮುಂದೆ ನಿಂತು ಗೊನೆ ಕಾಣೋ ಹಂಗೆ ಒಂದು ಫೋಟೋ, ವಯಸ್ಸು, ವರ್ಷಕ್ಕೆ ಎಷ್ಟು ಕಾಯಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಕೊಬ್ಬರಿ ಮಾರಿದ ಚೀಟಿಗಳನ್ನ ಬಿಸಾಕ್ಬೇಡಿ.

ನಮ್ಮ 23 ಮರಕ್ಕೂ ಈ ಭಾನುವಾರ ನಂಬರ್ ಬರೀತೀವಿ. ಹತ್ತಿರದವರ ಮನೇಲಿ ಬಿಳಿ ಬಣ್ಣ ಅರ್ಧ ಡಬ್ಬ ಮಿಕ್ಕಿದ್ರೆ ಫೋನ್ ಮಾಡಿ, ಬಂದು ತಗೊಂಡು ಹೋಗ್ತೀನಿ.