ಶಿವರಾಯಿಯ ಬಣ್ಣ

1674ರಲ್ಲಿ ಪಟ್ಟವೇರಿದ ಶಿವಾಜಿ ಮಹಾರಾಜರ ಹೆಸರಿನ ತಾಮ್ರದ ಶಿವರಾಯಿ ದುಡ್ಡು ಪೇಶವೆಯರ ಕಾಲದಲ್ಲಿಯೂ ಅಚ್ಚಾಗುತ್ತಿತ್ತು. ಬೆಳಗಾವಿಯ ಪೇಟೆಯಲ್ಲಿ ನನಗೆ ದೊರೆತದ್ದನ್ನು ಯಾರೋ ಹುಣಿಸೆಹಣ್ಣಿನಿಂದ ತಿಕ್ಕಿ ಹೊಸ ತಂಬಿಗೆಯಂತೆ ಬೆಳಗಿದ್ದರು. ‘ಶ್ರೀ ರಾಜಾ ಶಿವ’ ಎಂಬುದರಲ್ಲಿ ‘ಶಿವ’ ಮಾತ್ರ ಉಳಿದಿತ್ತು, ಹಿಂಬದಿಯ ‘ಛತ್ರಪತಿ’ ಮಾಸಿತ್ತು.

ಖಾನಾಪುರದ ಮಿತ್ರರೊಬ್ಬರ ಅಟ್ಟದ ಗಂಟಿನಲ್ಲಿ ಮೊನ್ನೆ ಸಿಕ್ಕಿದ್ದರ ಚೆಲುವೇ ಬೇರೆ. ಕೆಂಗಂದು ಮೈ, ಅಂಚಿನಲ್ಲಿ ನವಿಲುಗೊರಳಿನ ಛಾಯೆ, ಅಕ್ಷರಗಳೆಲ್ಲ ಸ್ಫುಟ. ಮಲೆಸೀಮೆಯ ತೇವದ ಗಾಳಿಯಲ್ಲಿ ಮೆಲ್ಲನೆ ಕಟ್ಟಿದ ಆ ತೆಳುಪೊರೆಯೇ ಒಳಲೋಹಕ್ಕೆ ಕವಚವಾಗಿರುವದು. ಪುಡಿಯುದುರುವ ತಿಳಿಹಸುರು ಕಿಲುಬಿನ ಮಾತು ಬೇರೆ. ಉಪ್ಪಿನ ದೋಷದಿಂದ ಹುಟ್ಟುವ ಅದು ನಾಣ್ಯವನ್ನು ತಿನ್ನುತ್ತಲೇ ಹೋಗುವದು. ಎರಡನ್ನೂ ಕೊಳೆಯೆಂದೇ ಬಗೆಯುವವರಿಗೆ ಏನು ಹೇಳೋಣ!

ಮಿತ್ರರ ಮನೆಯವರು ಅದನ್ನು ಲಕ್ಷ್ಮೀಪೂಜೆಗಾಗಿ ಬೆಳಗಬೇಕೆಂದಿದ್ದಾರೆ. “ತಾಯೀ, ಒಣಬಟ್ಟೆಯ ಮೇಲಿಟ್ಟು ಹಾಗೆಯೇ ಪೂಜಿಸಿರಿ” ಎಂದು ಬೇಡಿಕೊಂಡು ಬಂದಿದ್ದೇನೆ.