ಒಂದು ಸಾಲು, ಎರಡು ಹಿಸ್ಸಾ

ಡೇಟಾಬೇಸ್ ಟೇಬಲ್‌ನಲ್ಲಿರೋ ಒಂದು ಸಾಲನ್ನ ಅದೇ ಟೇಬಲ್‌ನಲ್ಲಿ ನಕಲು ಮಾಡೋದು ಎಸ್‌ಕ್ಯೂಎಲ್‌ನಲ್ಲಿ ಒಂದೇ ವಾಕ್ಯದ ಕೆಲಸ. ಇನ್ಸರ್ಟ್ ಇಂಟು, ಕಾಲಂಗಳ ಹೆಸರು, ಕೆಳಗೆ ಅದೇ ಟೇಬಲ್‌ನಿಂದ ಸೆಲೆಕ್ಟ್, ವೇರ್‌ನಲ್ಲಿ ಹಳೇ ಸಾಲಿನ ಐಡಿ. ಸೋಮಾರಿತನಕ್ಕೆ ಸೆಲೆಕ್ಟ್ ಸ್ಟಾರ್ ಹಾಕಿದ್ರೆ ಪ್ರೈಮರಿ ಕೀ ಅಡ್ಡ ಬರುತ್ತೆ: ಈ ಐಡಿ ಆಗ್ಲೇ ಇದೆ ಕಣಪ್ಪಾ ಅಂತ. ಐಡಿ ಒಂದನ್ನ ಬಿಟ್ಟು ಉಳಿದ ಕಾಲಂ ಹೆಸರಿಸಬೇಕು. ಆಟೋ ಇನ್‌ಕ್ರಿಮೆಂಟ್ ಇದ್ದರೆ ಹೊಸ ಐಡಿ ತಾನೇ ಬರುತ್ತೆ. ಬೆಂಗಳೂರಿನ ಆಫೀಸಲ್ಲಿ ಇದನ್ನ ಕಾಫಿ ಕುಡೀತಾ ಮಾಡ್ತೀನಿ.

ಕೈ ತಡೆದದ್ದು ಮನೆ ಜಮೀನಿನ ಟೇಬಲ್‌ನಲ್ಲಿ. ನಮ್ಮದು ನಾಗಮಂಗಲ, ಅಮ್ಮನ ತವರು ಕೆ.ಆರ್. ಪೇಟೆ, ಒಬ್ಬ ಅತ್ತೆ ಪಾಂಡವಪುರ, ಇನ್ನೊಬ್ಬರು ಶ್ರೀರಂಗಪಟ್ಟಣ. ಎಲ್ಲರ ಪಹಣಿ ವಿವರವೂ ನನ್ನ ಲ್ಯಾಪ್‌ಟಾಪ್‌ನಲ್ಲೇ, ಯಾಕಂದ್ರೆ ಮನೇಲಿ ಕಂಪ್ಯೂಟರ್ ಓದಿರೋನು ನಾನೊಬ್ಬನೇ. ಸರ್ವೆ ನಂಬರ್ ಒಂದನ್ನೇ ನಂಬೋ ಹಾಗಿಲ್ಲ. 45 ಅನ್ನೋದು ನಾಲ್ಕೂ ತಾಲ್ಲೂಕಲ್ಲಿ ಸಿಗುತ್ತೆ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲಾ ಸೇರಿದ್ರೇನೇ ಒಂದು ಜಮೀನಿನ ಗುರುತು.

ಈಗ ಅಪ್ಪ, ಚಿಕ್ಕಪ್ಪ ಭಾಗ ಆಗ್ತಿದ್ದಾರೆ. ಇರೋದು 2 ಎಕರೆ 10 ಗುಂಟೆ, ಒಬ್ಬೊಬ್ಬರಿಗೆ 1 ಎಕರೆ 5 ಗುಂಟೆ. ಗ್ರಾಮ, ಮಣ್ಣು ಹಾಗೇ ಕಾಪಿ. ಹಿಸ್ಸಾ, ಹೆಸರು ಬದಲು. ವಿಸ್ತೀರ್ಣ ಮಾತ್ರ ಹೊಸ ಸಾಲಲ್ಲೂ ಹಳೇ ಸಾಲಲ್ಲೂ ತಿದ್ದಬೇಕು. ಇನ್ಸರ್ಟ್, ಅಪ್‌ಡೇಟ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟದಿದ್ರೆ, ನಡುವೆ ಕರೆಂಟ್ ಹೋದಾಗ ಲೆಕ್ಕದಲ್ಲಿ ಭೂಮಿ ಬೆಳೆದುಬಿಡುತ್ತೆ! ಸರ್ಕಾರಿ ದಾಖಲೆಯಲ್ಲಿ ಇದಕ್ಕೇ ಪೋಡಿ ಅನ್ನೋದು. ಸರ್ವೆಯರ್ ಅಳೆದು ನಕ್ಷೆ ಮಾಡಿ, ಮ್ಯುಟೇಶನ್ ಆದಮೇಲೇ ಭೂಮಿ ತಂತ್ರಾಂಶದಲ್ಲಿ ಹೊಸ ಹಿಸ್ಸಾಕ್ಕೆ ಬೇರೆ ಪಹಣಿ.

ಕಷ್ಟ ಬಂದದ್ದು ಋಣದ ಕಾಲಂನಲ್ಲಿ, ಪಹಣಿಯ 11ನೇದು. ಬೋರ್‌ವೆಲ್‌ಗೆ ಇಬ್ಬರೂ ಸೇರಿ ತಂದ ಸಾಲ ಅದು. ಎರಡೂ ಕಡೆ ಕಾಪಿಯಾದ್ರೆ ಕೂಡಿದಾಗ ದುಪ್ಪಟ್ಟು; ಒಂದೇ ಕಡೆ ಬಿಟ್ರೆ ಜಗಳ. ಸಾಲಕ್ಕೆ ಬೇರೆ ಟೇಬಲ್ ಮಾಡಿ ಎರಡೂ ಹಿಸ್ಸಾಗಳನ್ನ ಅದಕ್ಕೆ ಜೋಡಿಸಿದೆ. ಮೇಷ್ಟ್ರು ಕಲಿಸಿದ ನಾರ್ಮಲೈಸೇಶನ್ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಚಿಕ್ಕಪ್ಪ ಸ್ಕ್ರೀನ್ ನೋಡಿ ಕೇಳಿದ್ರು: “ಬೋರು ನಿಮ್ಮಪ್ಪನ ಭಾಗಕ್ಕೆ ಬಿತ್ತು. ಸಾಲ ಮಾತ್ರ ಇಬ್ಬರ್ದಾ?”

ನೀರಿನ ಮೂಲದ ಕಾಲಂ ಮುಂದೆ ಕರ್ಸರ್ ಮಿಣಮಿಣ ಅಂತಿತ್ತು. ಅಪ್ಪ ಎಲೆಅಡಿಕೆ ಉಗಿದು ಬಂದು, “ಅದನ್ನ ಹಂಗೇ ಕಾಪಿ ಮಾಡ್ಲಾ, ಇಬ್ರಿಗೂ” ಅಂದ್ರು. ಪೈಪು ಎಷ್ಟುದ್ದ ಬೇಕು ಅಂತ ಆ ಸಂಜೆನೇ ಇಬ್ಬರೂ ಬದುವಿನ ಮೇಲೆ ಹೆಜ್ಜೆ ಹಾಕಿ ಎಣಿಸಿದ್ರು. ಸರ್ವೆಯರ್ ಇನ್ನೂ ಬರಬೇಕು.