ಎಲ್ಲ ಸೇರಿದ ಲೆಕ್ಕ

ಬೆಳಗಿನ ಆರು ಗಂಟೆ ದಾಟಿದೆ. ಬಾಲ್ಕನಿಯ ಗಾಜಿನ ಬಾಗಿಲು ಸರಿಸಿದ್ದೇ ತಡ, ಕನ್ನಡಕದ ಮೇಲೆ ಆವಿ ಕೂತು ಎದುರಿನ ಕೆರಿಬಿಯನ್ ಸಮುದ್ರವೆಲ್ಲ ಮಸುಕಾಗುತ್ತದೆ. ಒರೆಸಿಕೊಂಡು ನೋಡುತ್ತೀರಿ. ದೂರದಲ್ಲಿ ಕೋಸುಮೆಲ್ ದ್ವೀಪದ ತೆಳ್ಳನೆಯ ಗೆರೆ, ಅದರ ಮೇಲೆ ಆಗಷ್ಟೇ ಎದ್ದ ಸೂರ್ಯ. ಜಾಹೀರಾತಿನಲ್ಲಿ ಕಂಡಿದ್ದ ಹಸಿರುನೀಲಿ ನೀರೇನೋ ಇದೆ. ಆದರೆ ದಡದುದ್ದಕ್ಕೂ ಕಂದು ಪಟ್ಟಿಯೊಂದು ಬಿದ್ದುಕೊಂಡಿದೆ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ.

ಅದು ಸರ್ಗಾಸೊ ಎಂಬ ತೇಲುವ ಪಾಚಿ. 2011ರಿಂದೀಚೆಗೆ ಅಟ್ಲಾಂಟಿಕ್ ಸಾಗರದಲ್ಲಿ ಆಫ್ರಿಕಾದ ಕಡೆಯಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಹಬ್ಬುತ್ತಿದೆ. ಬೇಸಿಗೆ ಬಂತೆಂದರೆ ಸಾಗರದ ಹರಿವಿನ ಜೊತೆ ಬಂದು ಈ ಕರಾವಳಿಗೆ ಬೀಳುತ್ತದೆ. ಕೆಳಗೆ ಮರಳಿನ ಮೇಲೆ ಆಳುಗಳ ಸಾಲು. ಉದ್ದ ಹಿಡಿಯ ಫೋರ್ಕುಗಳಿಂದ ಪಾಚಿ ಎತ್ತಿ ತಳ್ಳುಗಾಡಿಗೆ ತುಂಬುತ್ತಿದ್ದಾರೆ. ಒಂದೆಡೆ ನಾಲ್ಕು ಕೋಲು ನೆಟ್ಟು ಹಗ್ಗ ಸುತ್ತಿದ್ದಾರೆ. ರಾತ್ರಿ ಕಡಲಾಮೆ ಮೊಟ್ಟೆಯಿಟ್ಟ ಜಾಗ. ಗಾಡಿ ಅದನ್ನು ಬಳಸಿಕೊಂಡು ಹೋಗುತ್ತದೆ. ಅತಿಥಿಗಳು ತಿಂಡಿ ಮುಗಿಸಿ ಬರುವಷ್ಟರಲ್ಲಿ ದಡ ಚೊಕ್ಕವಾಗಿರಬೇಕು. ನಾಳೆ ಬೆಳಿಗ್ಗೆ ಮತ್ತೆ ಇಷ್ಟೇ ಬಿದ್ದಿರುತ್ತದೆ.

ಕೆಲವು ಅತಿಥಿಗಳು ಆಗಲೇ ಇಳಿದು ಬಂದಿದ್ದಾರೆ, ಈಜುವುದಕ್ಕಲ್ಲ. ನೆರಳಿರುವ ಒರಗುಕುರ್ಚಿಗಳ ಮೇಲೆ ಟವೆಲ್ ಹಾಸಿ ಮತ್ತೆ ಮಲಗಲು ರೂಮಿಗೆ ಹೋಗುತ್ತಾರೆ. ಜಾತ್ರೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನರೇ ಇವರಿಗೆ ಪಾಠ ಹೇಳಿರಬೇಕು.

ನೀವು ಬಂದಿರುವುದು ಮದುವೆಗೆ. ಡಲ್ಲಾಸ್‌ನಲ್ಲಿರುವ ಅಣ್ಣನ ಮಗಳ ಧಾರೆ ನಾಡಿದ್ದು, ಇದೇ ಮರಳಿನ ಮೇಲೆ. ಟೆಕ್ಸಸ್‌ನಿಂದ ಮೆಕ್ಸಿಕೋದ ಈ ಕರಾವಳಿಯ ಕಾನ್‌ಕುನ್‌ಗೆ ವಿಮಾನದಲ್ಲಿ ಮೂರು ಗಂಟೆಯೂ ಬೇಡ. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ. ಹಾಗಾಗಿ ದಾವಣಗೆರೆಯ ದೊಡ್ಡಪ್ಪನೂ ಬಂದಿದ್ದಾರೆ, ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿಯ ಸಮೇತ.

ಐವತ್ತು ಚಿಲ್ಲರೆ ವರ್ಷಗಳ ಹಿಂದೆ ಇಲ್ಲಿ ಇದಾವುದೂ ಇರಲಿಲ್ಲ. ಡಾಲರ್ ತರುವ ಊರು ಬೇಕೆಂದು ಮೆಕ್ಸಿಕೋದ ಕೇಂದ್ರ ಬ್ಯಾಂಕಿನವರು ಜಾಗ ಹುಡುಕಿ ಗುರುತಿಸಿದ್ದು ಕಾನ್‌ಕುನ್. 1970ರಲ್ಲಿ ಕಾಮಗಾರಿ ಶುರುವಾಯಿತು. ಈ ಕರಾವಳಿಯಿರುವ ಕಿಂತಾನಾ ರೋ ರಾಜ್ಯವಾದದ್ದೇ 1974ರಲ್ಲಿ. ಆಮೇಲೆ ಹೋಟೆಲುಗಳು 307ನೇ ಹೆದ್ದಾರಿಗುಂಟ ದಕ್ಷಿಣಕ್ಕೆ ಇಳಿಯುತ್ತ ಹೋದವು.

ಮಧ್ಯಾಹ್ನ ದಡದ ಮೇಲೆ ಹಾಗೇ ನಡೆಯುತ್ತೀರಿ. ಅಲೆಯಂಚಿನಲ್ಲಿ ಊರಿನ ಕುಟುಂಬವೊಂದು ಕೊಡೆ ನೆಟ್ಟುಕೊಂಡು, ಡಬ್ಬಿಯಿಂದ ಕಲ್ಲಂಗಡಿ ತೆಗೆದು ತಿನ್ನುತ್ತಿದೆ. ಮಕ್ಕಳ ಕೈಗೆ ರೆಸಾರ್ಟಿನ ಅತಿಥಿಗಳು ಕಟ್ಟಿಕೊಳ್ಳುವ ಪಟ್ಟಿಯಿಲ್ಲ. ಸೆಕ್ಯುರಿಟಿಯವನು ಹತ್ತು ಮಾರು ದೂರದಲ್ಲಿ ನಿಂತು ನೋಡುತ್ತಾನೆ, ಏನೂ ಹೇಳುವುದಿಲ್ಲ. ಹೇಳುವ ಹಾಗೂ ಇಲ್ಲ. ಮೆಕ್ಸಿಕೋದಲ್ಲಿ ಕಡಲದಂಡೆ ಸಾರ್ವಜನಿಕ ಆಸ್ತಿ. ದಡಕ್ಕೆ ಹೋಗುವ ದಾರಿ ಮುಚ್ಚಿದವರಿಗೆ ದಂಡ ಹಾಕಲು 2020ರಲ್ಲಿ ಕಾನೂನನ್ನೂ ತಿದ್ದಿದರು. ಆದರೆ ಹೆದ್ದಾರಿಯಿಂದ ಇಲ್ಲಿಗೆ ಬರಬೇಕಾದರೆ ನಡುವೆ ಗೋಡೆ, ಗೇಟು, ಗಾಲ್ಫ್ ಮೈದಾನ. ಎಷ್ಟು ಸುತ್ತಿ ಬಂದಿದ್ದಾರೋ ಪಾಪ. ಕಲ್ಲಂಗಡಿಯನ್ನಂತೂ ಅವಸರವಿಲ್ಲದೆ ತಿನ್ನುತ್ತಿದ್ದಾರೆ.

ರಾತ್ರಿ ಬಫೆ. ಇವತ್ತು 'ಮೆಕ್ಸಿಕನ್ ನೈಟ್' ಅಂತೆ. ಉಳಿದ ದಿನ ಪಾಸ್ತಾ, ಬರ್ಗರ್, ಸುಶಿ. ಬೇಯಿಸಿ ಅರೆದ ಬೀನ್ಸ್ ಘಮಘಮಿಸುತ್ತಿದೆ. ಕೇಳಿದರೆ ಹಂದಿ ಕೊಬ್ಬಿನ ಒಗ್ಗರಣೆ. ದೊಡ್ಡಪ್ಪ ತಟ್ಟೆ ಹಿಡಿದು ಮುಂದೆ ಸರಿಯುತ್ತಾರೆ. ಮೂಲೆಯಲ್ಲಿ ಹೂವಿನ ಕಸೂತಿಯ ಬಿಳಿ ಉಡುಪಿನ ಹೆಂಗಸು ದುಂಡು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಟ್ಟಿನುಂಡೆ ಇಟ್ಟು, ಬೆರಳ ತುದಿಯಲ್ಲಿ ತಿರುಗಿಸುತ್ತ ತಟ್ಟುತ್ತಾಳೆ. ಎಡಗೈ ಅಂಚು ಕಾಯುತ್ತದೆ. ಹೆಂಚಿಗೆ ಹಾಕಿ ಎರಡು ಸಲ ಮಗುಚಿದ ಮೇಲೆ ರೊಟ್ಟಿ ಬುಸ್ಸೆಂದು ಉಬ್ಬುತ್ತದೆ. ದೊಡ್ಡಪ್ಪ ಅಲ್ಲೇ ನಿಂತುಬಿಡುತ್ತಾರೆ.

"ಲೇ ತಮ್ಮಾ, ಯಾವ ಹಿಟ್ಟು ಕೇಳೋ ಆಯಮ್ಮನ್ನ."

ಡಲ್ಲಾಸ್‌ನಲ್ಲಿ ಕಲಿತ ಅರೆಬರೆ ಸ್ಪ್ಯಾನಿಷ್‌ನಲ್ಲಿ ಕೇಳುತ್ತೀರಿ. ಮೆಕ್ಕೆಜೋಳ. ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ಸಿಪ್ಪೆ ತೊಳೆದು ಬೀಸಿದ್ದು. ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಆ ಸುಣ್ಣದಿಂದಲೇ. ಇದನ್ನು ಕಲಿಯದೆ ಬರೀ ಬೀಜ ಒಯ್ದ ಯುರೋಪಿನಲ್ಲಿ ಬಡವರಿಗೆ ಆ ಜೀವಸತ್ವದ ಕೊರತೆಯಿಂದ ಪೆಲಾಗ್ರಾ ರೋಗ ಹತ್ತಿತು.

"ಸುಣ್ಣ ಹಾಕ್ತಾರಾ? ನಾವು ಇದನ್ನ ಲೋಡುಗಟ್ಟಲೆ ಕೋಳಿ ಫೀಡಿಗೆ ಕಳಿಸ್ತೀವಲ್ಲೋ!" ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟು, ಜೇಬಿನ ಪೊಟ್ಟಣದಿಂದ ಚಟ್ನಿಪುಡಿ ಉದುರಿಸಿಕೊಳ್ಳುತ್ತಾರೆ. "ಇವರಿಗೆ ಹೊಲ ಐತೇನು?"

ಇದೆ, ಬಯಾದೊಲಿದ್ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಮಾಡುತ್ತಾನೆ. ಮೆಕ್ಕೆಜೋಳದ ದಂಟಿಗೇ ಬೀನ್ಸ್ ಬಳ್ಳಿ ಹಬ್ಬುತ್ತದೆ, ಬುಡದಲ್ಲಿ ಕುಂಬಳ. ಹೇಳುತ್ತಲೇ ಪಕ್ಕದವಳ ಕಡೆ ತಿರುಗಿ ಮಾಯಾ ಭಾಷೆಯಲ್ಲಿ ಏನೋ ಅಂದು ನಗುತ್ತಾಳೆ.

"ಅಕ್ಕಡಿ ಅನ್ನು! ನಮ್ಮಪ್ಪನ ಕಾಲಕ್ಕೇ ಬಿಟ್ವಿ ನಾವು. ಬೀಜ ಯಾವ ಕಂಪನೀದು?"

ಕಂಪನಿಯದಲ್ಲವಂತೆ, ಮನೆಯದೇ. ಹಿಂದೆ ಸಾಲು ಬೆಳೆದಿದೆ. ಬಿಸಿಲಿಗೆ ಹೆಗಲು ಕೆಂಪಾದ ಅಮೆರಿಕದವನೊಬ್ಬ ಖಾಲಿ ತಟ್ಟೆ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಾನೆ. ನೀವು ದೊಡ್ಡಪ್ಪನ ಮೊಣಕೈ ಹಿಡಿದು ಎಳೆಯುತ್ತೀರಿ.

"ತಡಿಯೋ," ಅನ್ನುತ್ತಾರೆ ದೊಡ್ಡಪ್ಪ, "ಎಕರೆಗೆ ಎಷ್ಟು ಬರ್ತದೆ ಅಂತ ಕೇಳಿಲ್ಲ ಇನ್ನೂ."